ಫ್ರೀಜ್ ಮಾಡಿಟ್ಟ ಭ್ರೂಣ: ಎಪ್ಪತ್ತು ಪರ್ಸೆಂಟ್ ಎಂದರೆ ಯಾವುದರ ಎಪ್ಪತ್ತು?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 34 ವರ್ಷ, ಯಜಮಾನರಿಗೆ 39. ಮದುವೆಯಾಗಿ ಎಂಟು ವರ್ಷವಾಯಿತು. ನಾವಿರುವುದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಚಿಕಿತ್ಸೆ ಪಡೆಯುತ್ತಿರುವುದು ಹುಬ್ಬಳ್ಳಿಯಲ್ಲಿ. ನನಗೆ ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಕಳೆದ ವರ್ಷ ಐವಿಎಫ್ ಮಾಡಿಸಿದಾಗ 22 ಅಂಡಾಣು ಸಿಕ್ಕವು, ಕೊನೆಗೆ ಐದು ಭ್ರೂಣಗಳು ಐದಾರು ದಿನ ಬೆಳೆದು ಬ್ಲಾಸ್ಟೊಸಿಸ್ಟ್ ಎಂಬ ಹಂತಕ್ಕೆ ಬಂದವು. ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವಿದೆ ಎಂದು ಹೇಳಿ ಐದನ್ನೂ ಫ್ರೀಜ್ ಮಾಡಿದರು. ಮೂರು ತಿಂಗಳ ನಂತರ ಎರಡನ್ನು ಒಟ್ಟಿಗೆ ಹಾಕಿದರು. ಎಪ್ಪತ್ತು ಪರ್ಸೆಂಟ್ ಚಾನ್ಸ್ ಇದೆ ಎಂದಿದ್ದರು, ಆದರೆ ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆಯ ಬೀಟಾ ರಿಪೋರ್ಟ್ ನೆಗೆಟಿವ್ ಬಂತು. ಅವತ್ತು ಕಾರು ಸಿಗದೆ ಬಸ್ಸಿನಲ್ಲಿ ಊರಿಗೆ ಬಂದಿದ್ದೆ. ಕುಲುಕಾಟಕ್ಕೆ ಜಾರಿಹೋಯಿತು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಫ್ರಿಜ್ಜಿನಲ್ಲಿಟ್ಟ ಭ್ರೂಣ ತಂಗಳನ್ನವಿದ್ದಂತೆ, ಅದರಲ್ಲಿ ಜೀವ ಎಲ್ಲಿರುತ್ತದೆ ಎನ್ನುತ್ತಾರೆ ನಾದಿನಿ. ಈಗ ಮೂರು ಭ್ರೂಣ ಉಳಿದಿವೆ; ಕಾಗದದಲ್ಲಿ 4ಎಬಿ, 4ಬಿಬಿ ಮತ್ತು ಆರನೆಯ ದಿನದ 4ಬಿಸಿ ಎಂದು ಬರೆದಿದೆ. ಈ ಸಲ ಇಆರ್‌ಎ ಪರೀಕ್ಷೆ, ಭ್ರೂಣಗಳ ಜೆನೆಟಿಕ್ ಪರೀಕ್ಷೆ, ಗರ್ಭಕೋಶದ ಸ್ಕ್ರ್ಯಾಚಿಂಗ್ ಮೂರೂ ಮಾಡಿಸಿ ಎಂದಿದ್ದಾರೆ. ಹೊಲ ಅಡ ಇಟ್ಟು ಚಿಕಿತ್ಸೆ ಮಾಡಿಸುತ್ತಿದ್ದೇವೆ. ನಿಜವಾದ ಚಾನ್ಸ್ ಎಷ್ಟು? ಒಂದು ಹಾಕಿಸಬೇಕೋ ಎರಡೋ? ಈ ಪರೀಕ್ಷೆಗಳು ಬೇಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಮೂರು. ಆದರೆ ಪತ್ರ ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ನೀವು ಕೇಳದೇ ಬಿಟ್ಟ ನಾಲ್ಕನೆಯ ಪ್ರಶ್ನೆ: ‘ತಪ್ಪು ನನ್ನದೇ?’ ಎಂಬುದು. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಬಸ್ಸಿನಿಂದ ನಿಮ್ಮ ಗರ್ಭ ಜಾರಲಿಲ್ಲ, ಜಾರುವುದಕ್ಕೆ ಸಾಧ್ಯವೂ ಇಲ್ಲ.

ಗರ್ಭಕೋಶವನ್ನು ನಾವು ಖಾಲಿ ಗಡಿಗೆಯಂತೆ ಕಲ್ಪಿಸಿಕೊಳ್ಳುತ್ತೇವೆ. ಅದು ಹಾಗಿಲ್ಲ. ಅದರ ಮುಂಗೋಡೆ ಮತ್ತು ಹಿಂಗೋಡೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ನಡುವೆ ತೆಳ್ಳನೆಯ ಅಂಟು ಲೋಳೆಯಿರುತ್ತದೆ. ನಾವು ಮೆದುವಾದ ಸಣ್ಣ ನಳಿಕೆಯ ಮೂಲಕ ಅಲ್ಲಿಗೆ ಬಿಡುವ ಭ್ರೂಣದ ಗಾತ್ರ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಸಾಸಿವೆ ಕಾಳು ಅದರ ಮುಂದೆ ದೊಡ್ಡದು. ಹೋಳಿಗೆಯ ಎರಡು ಪದರಗಳ ನಡುವಿನ ಹೂರಣದಲ್ಲಿ ಸಿಕ್ಕಿದ ಏಲಕ್ಕಿ ಪುಡಿಯ ಒಂದು ಕಣ, ಹೋಳಿಗೆಯನ್ನು ಡಬ್ಬಿಯಲ್ಲಿಟ್ಟು ಊರಿಗೆ ಒಯ್ದರೆ ಹೊರಗೆ ಬೀಳುವುದಿಲ್ಲ. ಟ್ರಾನ್ಸ್‌ಫರ್ ಆದ ದಿನ (ಅಂದರೆ ಭ್ರೂಣ ಹಾಕಿದ ದಿನ) ಸ್ಕ್ಯಾನ್ ಪರದೆಯ ಮೇಲೆ ಬೆಳ್ಳಗೆ ಮಿಂಚಿದ ಚುಕ್ಕೆಯೊಂದನ್ನು ನಿಮಗೂ ತೋರಿಸಿರಬಹುದು. ಅದು ಭ್ರೂಣವಲ್ಲ, ಭ್ರೂಣದ ಜೊತೆಗೆ ನಳಿಕೆಯಲ್ಲಿ ಹೋಗುವ ಗಾಳಿಯ ಗುಳ್ಳೆ. ಭ್ರೂಣ ಆ ಯಂತ್ರಕ್ಕೆ ಕಾಣುವಷ್ಟು ದೊಡ್ಡದೇ ಅಲ್ಲ. ಆ ಚುಕ್ಕೆಯನ್ನು ನೋಡಿದ ಮೇಲೆ ಮೂತ್ರಕ್ಕೆ ಏಳುವುದಕ್ಕೂ ಹೆದರುವ ಹೆಣ್ಣುಮಕ್ಕಳನ್ನು ನಾನು ವಾರ ವಾರವೂ ನೋಡುತ್ತೇನೆ. ಮಲಗಿಯೇ ಇರುವುದರಿಂದ ಲಾಭವಿದೆಯೇ ಎಂದು ಹಲವು ಅಧ್ಯಯನಗಳು ಪರೀಕ್ಷಿಸಿವೆ. ಲಾಭ ಕಂಡುಬಂದಿಲ್ಲ, ಮಲಗಿಸಿದ ಗುಂಪಿನಲ್ಲಿ ಫಲಿತಾಂಶ ಕಡಿಮೆಯಾದ ಅಧ್ಯಯನವೂ ಇದೆ. ನಿಮ್ಮ ಅತ್ತೆಯವರ ಮಾತಿನ ಹಿಂದೆ ಇರುವುದು ಮೊಮ್ಮಗುವಿನ ಆಸೆಯೇ ಇರಬಹುದು, ಆದರೆ ಆ ಮಾತು ಸರಿಯಲ್ಲ. ಸಾಧ್ಯವಾದರೆ ಈ ಭಾಗವನ್ನು ನಿಮ್ಮ ಯಜಮಾನರೇ ಅವರಿಗೆ ಓದಿ ಹೇಳಲಿ.

ಇನ್ನು ತಂಗಳಿನ ಮಾತು. ಅನ್ನ ತಂಗಳಾಗುವುದು ಕಾಲ ಕಳೆದಂತೆ ಅದರಲ್ಲಿ ಬದಲಾವಣೆ ನಡೆಯುತ್ತ ಹೋಗುವುದರಿಂದ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಮುಳುಗಿರುವ ಭ್ರೂಣದಲ್ಲಿ ಯಾವ ಜೈವಿಕ ಕ್ರಿಯೆಯೂ ನಡೆಯುವುದಿಲ್ಲ. ಅದರ ಮಟ್ಟಿಗೆ ಕಾಲ ನಿಂತಿರುತ್ತದೆ. 2022ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಹುಟ್ಟಿದ ಅವಳಿ ಮಕ್ಕಳು 1992ರಲ್ಲಿ ಫ್ರೀಜ್ ಮಾಡಿದ ಭ್ರೂಣಗಳಿಂದ ಬಂದವರು. ಅಪಾಯವಿರುವುದು ತೊಟ್ಟಿಯಲ್ಲಿ ಇಟ್ಟಿರುವ ವರ್ಷಗಳಲ್ಲಲ್ಲ, ಘನೀಕರಿಸುವ ಮತ್ತು ಮರಳಿ ಬೆಚ್ಚಗೆ ಮಾಡುವ ಕೆಲವೇ ನಿಮಿಷಗಳಲ್ಲಿ. ಹಿಂದೆ ಭ್ರೂಣವನ್ನು ಬಹಳ ನಿಧಾನವಾಗಿ ತಣಿಸುತ್ತಿದ್ದರು. ಒಳಗಿನ ನೀರು ಮಂಜಿನ ಹರಳಾಗಿ ಜೀವಕೋಶಗಳನ್ನು ಸೀಳುತ್ತಿತ್ತು, ಹಾಗಾಗಿ ಒಳ್ಳೆಯ ಪ್ರಯೋಗಾಲಯಗಳಲ್ಲೂ ಸಾಕಷ್ಟು ಭ್ರೂಣಗಳು ನಷ್ಟವಾಗುತ್ತಿದ್ದವು. ಈಗಿನ ವಿಟ್ರಿಫಿಕೇಶನ್ ವಿಧಾನದಲ್ಲಿ ಸಕ್ಕರೆ ಮತ್ತು ರಕ್ಷಕ ದ್ರಾವಣಗಳ ಮೂಲಕ ಮೊದಲು ನೀರಿನಂಶವನ್ನು ಹೊರತೆಗೆದು, ಆಮೇಲೆ ಕ್ಷಣಮಾತ್ರದಲ್ಲಿ ತಣಿಸುತ್ತಾರೆ. ಸಕ್ಕರೆ ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯಾಗಿ ಹರಳುಗಟ್ಟುತ್ತದೆ. ಗಟ್ಟಿ ಪಾಕವನ್ನು ತಟ್ಟನೆ ತಣಿಸಿದರೆ ಗಾಜಿನಂತೆ ನಿಲ್ಲುತ್ತದೆ. ಇಲ್ಲಿ ನಡೆಯುವುದೂ ಅದೇ. ಈ ವಿಧಾನದಲ್ಲಿ ಬ್ಲಾಸ್ಟೊಸಿಸ್ಟ್‌ಗಳ ಪೈಕಿ ನೂರಕ್ಕೆ 90ರಿಂದ 95, ನುರಿತ ಕೈಗಳಲ್ಲಿ ಅದಕ್ಕಿಂತಲೂ ಹೆಚ್ಚು, ಜೀವಂತವಾಗಿ ಮರಳುತ್ತವೆ.

ಅದನ್ನು ನೀವು ಒಮ್ಮೆ ಕಣ್ಣಾರೆ ನೋಡಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಎನಿಸುತ್ತದೆ. ಹುಲ್ಲುಕಡ್ಡಿಗಿಂತ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು 37 ಡಿಗ್ರಿಯ ದ್ರಾವಣದಲ್ಲಿ ಅದ್ದಿದಾಗ ಭ್ರೂಣ ಕುಗ್ಗಿ, ಸುಕ್ಕುಗಟ್ಟಿ, ಯಾವ ಆಸೆಯನ್ನೂ ಹುಟ್ಟಿಸದ ಮುದ್ದೆಯಂತೆ ಕಾಣುತ್ತದೆ. ತಟ್ಟೆಯನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಎರಡು ಗಂಟೆ ಬಿಟ್ಟು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ತಂದರೆ, ನೆನೆಹಾಕಿದ ಒಣ ಅವರೆಕಾಳು ಬೆಳಗಿನ ಹೊತ್ತಿಗೆ ಉಬ್ಬಿರುವಂತೆ ಅದು ಮತ್ತೆ ತುಂಬಿಕೊಂಡಿರುತ್ತದೆ. ಇಷ್ಟು ವರ್ಷಗಳ ನಂತರವೂ ಆ ನೋಟಕ್ಕೆ ನಾನು ಒಗ್ಗಿಕೊಂಡಿಲ್ಲ.

ಈ ವಿಧಾನದ ಮೂಲ ಯೋಚನೆ ನಮ್ಮ ದೇಶದ ನೆಲದಲ್ಲೇ ಬಹಳ ಬೇಗ ಮೊಳೆತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ ಅವರು 1978ರಲ್ಲಿ ಭ್ರೂಣವನ್ನು ಫ್ರೀಜ್ ಮಾಡಿ, ಔಷಧಗಳ ಪ್ರಭಾವವಿಲ್ಲದ ನಂತರದ ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದಾಗಿ ವರದಿ ಮಾಡಿದರು. ಆ ಮಗು ಅದೇ ವರ್ಷದ ಅಕ್ಟೋಬರ್ 3ರಂದು ಹುಟ್ಟಿತು. ಆಗ ಅವರನ್ನು ಯಾರೂ ನಂಬಲಿಲ್ಲ. ಅವಮಾನ ತಾಳದೆ 1981ರಲ್ಲಿ ಅವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, ಮನ್ನಣೆ ಅವರಿಗೇ ಸಲ್ಲಬೇಕೆಂದು ಡಾ. ಟಿ. ಸಿ. ಆನಂದ ಕುಮಾರ್ ಅವರು 1997ರಲ್ಲಿ ಬರೆದ ಲೇಖನ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಅಂಡಾಣು ತೆಗೆದ ತಿಂಗಳಲ್ಲಿ ಗರ್ಭಕೋಶ ಸಿದ್ಧವಿರದಿದ್ದರೆ ಭ್ರೂಣವನ್ನು ಕಾಯಿಸಬಹುದು ಎಂಬ ಅವರ ಆಲೋಚನೆಯೇ ಇಂದು ನಿಮ್ಮ ಚಿಕಿತ್ಸೆಯ ಆಧಾರವೂ ಆಗಿದೆ.

ನಿಮ್ಮ ಐದೂ ಭ್ರೂಣಗಳನ್ನು ಫ್ರೀಜ್ ಮಾಡಿದ ನಿರ್ಧಾರ ಸರಿಯಾದದ್ದು. ಪಿಸಿಓಡಿ ಇರುವವರಲ್ಲಿ 22 ಅಂಡಾಣು ಬೆಳೆದಾಗ ಅದೇ ತಿಂಗಳಲ್ಲಿ ಗರ್ಭ ನಿಂತರೆ ಹೊಟ್ಟೆ ಮತ್ತು ಎದೆಯಲ್ಲಿ ನೀರು ತುಂಬಿ, ರಕ್ತ ಗಟ್ಟಿಯಾಗಿ, ಜೀವಕ್ಕೇ ಕುತ್ತಾಗಬಹುದು. ಪಿಸಿಓಡಿ ಇದ್ದ 1508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಜಾ ಭ್ರೂಣ ಹಾಕಿಸಿಕೊಂಡವರಲ್ಲಿ ನೂರಕ್ಕೆ 42 ಮಂದಿಗೆ ಮಗುವಾದರೆ, ಫ್ರೀಜ್ ಮಾಡಿದ ಭ್ರೂಣ ಹಾಕಿಸಿಕೊಂಡವರಲ್ಲಿ 49.3 ಮಂದಿಗೆ ಮಗುವಾಯಿತು. ನೀರು ತುಂಬುವ ತೊಂದರೆ ನೂರಕ್ಕೆ 7.1ರಿಂದ 1.3ಕ್ಕೆ ಇಳಿಯಿತು. ಹಾಗೆಂದು ಫ್ರೀಜ್ ಮಾಡಿದ್ದು ಎಲ್ಲರಿಗೂ ತಾಜಾಕ್ಕಿಂತ ಮೇಲು ಎಂಬ ಜಾಹೀರಾತಿನ ಮಾತನ್ನೂ ನಂಬಬೇಡಿ. ಮುಟ್ಟು ಸರಿಯಾಗಿ ಆಗುವ ಮಹಿಳೆಯರ ಮೇಲೆ 2018ರಲ್ಲಿ ಪ್ರಕಟವಾದ ಅಂಥದ್ದೇ ದೊಡ್ಡ ಅಧ್ಯಯನದಲ್ಲಿ ಎರಡೂ ಗುಂಪುಗಳ ಫಲಿತಾಂಶ ಹೆಚ್ಚುಕಡಿಮೆ ಒಂದೇ ಇತ್ತು: ಫ್ರೀಜ್ ಮಾಡಿದ್ದಕ್ಕೆ ನೂರಕ್ಕೆ 48.7, ತಾಜಾಕ್ಕೆ 50.2. ಘನೀಕರಣ ಭ್ರೂಣದ ಗುಣವನ್ನು ಹೆಚ್ಚಿಸುವುದಿಲ್ಲ, ಇರುವ ಗುಣವನ್ನು ಕಾಪಾಡುತ್ತದೆ ಅಷ್ಟೆ. ಲಾಭ ಬರುವುದು, ಚುಚ್ಚುಮದ್ದುಗಳಿಂದ ಏರುಪೇರಾದ ಗರ್ಭಕೋಶಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುವುದರಿಂದ.

ಈಗ ಆ ಎಪ್ಪತ್ತರ ಲೆಕ್ಕ. ಯಾರಾದರೂ ಪರ್ಸೆಂಟ್ ಹೇಳಿದಾಗ ಎರಡು ಸಂಗತಿಗಳನ್ನು ಕೇಳಿ ತಿಳಿಯಬೇಕು. ಯಾವುದನ್ನು ಯಶಸ್ಸು ಎಂದು ಎಣಿಸಿದ್ದಾರೆ ಎಂಬುದು ಒಂದು, ಯಾರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದು ಇನ್ನೊಂದು. ಬೀಟಾ ಪಾಸಿಟಿವ್ ಬಂದರೆ ಕೆಲವರು ಅದನ್ನೇ ಯಶಸ್ಸು ಎನ್ನುತ್ತಾರೆ. ಆದರೆ ಬೀಟಾ ಪಾಸಿಟಿವ್ ಬಂದ ಎಲ್ಲರಲ್ಲೂ ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಕಾಣುವುದಿಲ್ಲ, ಎದೆಬಡಿತ ಕಂಡವರಲ್ಲೂ ಕೆಲವರಿಗೆ ಗರ್ಭಪಾತವಾಗುತ್ತದೆ. 60 ಮಂದಿಗೆ ಬೀಟಾ ಪಾಸಿಟಿವ್ ಬಂದರೆ ಮಗು ಮಡಿಲಿಗೆ ಬರುವುದು ಸುಮಾರು 40 ಮಂದಿಗೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಿ. ಎರಡೆರಡು ಭ್ರೂಣ ಹಾಕಿದವರನ್ನು, ದಾನಿಯ ಅಂಡಾಣು ಪಡೆದವರನ್ನು, 28 ವರ್ಷದವರನ್ನು ಎಲ್ಲ ಒಟ್ಟು ಸೇರಿಸಿ ಸರಾಸರಿ ತೆಗೆದರೆ ಅಂಕಿ ಇನ್ನೂ ಏರುತ್ತದೆ. ಲೈನಿಂಗ್ (ಗರ್ಭಕೋಶದ ಒಳಪದರ) ಬೆಳೆಯಲಿಲ್ಲ ಎಂದು ಟ್ರಾನ್ಸ್‌ಫರ್ ನಿಂತುಹೋದವರನ್ನು ಬಿಟ್ಟರೆ ಮತ್ತೂ ಏರುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಇವುಗಳಲ್ಲಿ ಯಾವುದೂ ನಿಮ್ಮ ಲೆಕ್ಕವಲ್ಲ. ಬ್ರಿಟನ್ನಿನಲ್ಲಿ ಎಚ್‌ಎಫ್‌ಇಎ ಎಂಬ ಸರ್ಕಾರಿ ಪ್ರಾಧಿಕಾರ ಒಂದೊಂದು ಆಸ್ಪತ್ರೆಯ ಫಲಿತಾಂಶವನ್ನೂ ಜನರ ಮುಂದಿಡುತ್ತದೆ. ಅಮೆರಿಕದಲ್ಲಿ 1992ರ ಕಾನೂನು ಅದಕ್ಕೆ ದಾರಿ ಮಾಡಿತು. ನಮ್ಮಲ್ಲಿ ರೋಗಿಯೇ ಬಾಯಿ ಬಿಟ್ಟು ಕೇಳಬೇಕು: ‘ಅಂಡಾಣು ತೆಗೆದಾಗ 35ರೊಳಗಿದ್ದವರಿಗೆ, ಒಂದೇ ಬ್ಲಾಸ್ಟೊಸಿಸ್ಟ್ ಹಾಕಿದಾಗ, ನಿಮ್ಮಲ್ಲಿ ನೂರಕ್ಕೆ ಎಷ್ಟು ಮಂದಿಗೆ ಮಗು ಹುಟ್ಟಿದೆ?’ ಹೀಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ.

ಅಂಡಾಣು ತೆಗೆದಾಗ ಎಂದು ಒತ್ತಿ ಹೇಳಲು ಕಾರಣವಿದೆ. ಫ್ರೀಜ್ ಮಾಡಿದ ಭ್ರೂಣದ ಭವಿಷ್ಯವನ್ನು ನಿರ್ಧರಿಸುವ ಅತಿ ದೊಡ್ಡ ಅಂಶ ಅದು ಹುಟ್ಟಿದಾಗ ತಾಯಿಗೆ ಎಷ್ಟು ವಯಸ್ಸಾಗಿತ್ತು ಎಂಬುದು. 30ರ ಆಸುಪಾಸಿನಲ್ಲಿ ಬ್ಲಾಸ್ಟೊಸಿಸ್ಟ್‌ಗಳ ಪೈಕಿ ನೂರಕ್ಕೆ ಸುಮಾರು 30ರಲ್ಲಿ ವರ್ಣತಂತುಗಳ ಸಂಖ್ಯೆ ತಪ್ಪಿರುತ್ತದೆ. 40ಕ್ಕೆ ಅದು ಸುಮಾರು 60 ಆಗುತ್ತದೆ, 43–44ಕ್ಕೆ 80 ದಾಟುತ್ತದೆ. ಇಂಥ ಭ್ರೂಣ ಸೂಕ್ಷ್ಮದರ್ಶಕದ ಕೆಳಗೆ ಅಂದವಾಗಿಯೇ ಕಾಣಬಹುದು, ಆದರೆ ಹೆಚ್ಚಿನವು ಅಂಟಿಕೊಳ್ಳುವುದಿಲ್ಲ, ಅಂಟಿಕೊಂಡರೂ ಉಳಿಯುವುದಿಲ್ಲ. ನಿಮ್ಮ ಮೊದಲ ಎರಡು ಭ್ರೂಣಗಳು ನಿಲ್ಲದಿರುವುದಕ್ಕೆ ಎಲ್ಲಕ್ಕಿಂತ ಸಂಭವನೀಯ ಕಾರಣ ಇದೇ. ಇದಕ್ಕೆ ನಿಮ್ಮ ಗರ್ಭಕೋಶ ಹೊಣೆಯಲ್ಲ, ಬಸ್ಸು ಹೊಣೆಯಲ್ಲ, ನೀವು ತಿಂದದ್ದು ಹೊಣೆಯಲ್ಲ. ಸಮಾಧಾನದ ಸಂಗತಿಯೆಂದರೆ ಉಳಿದ ಮೂರೂ ನಿಮ್ಮ 33ನೆಯ ವಯಸ್ಸಿನಲ್ಲೇ ನಿಂತಿವೆ. ನೀವು 36ಕ್ಕೆ ಹಾಕಿಸಿಕೊಂಡರೂ ಅವುಗಳ ವಯಸ್ಸು 33ರದ್ದೇ.

ನಿಮ್ಮ ಕಡತವನ್ನು ನೋಡದೆ ನಿಖರವಾಗಿ ಹೇಳುವುದು ತಪ್ಪಾಗುತ್ತದೆ, ಆದರೂ ಅಂದಾಜು ಕೊಡದೆ ಜಾರಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ನಿಮ್ಮಂಥ ನೂರು ಮಂದಿ ಇದ್ದಾರೆ, ಎಲ್ಲರ ಬಳಿಯೂ ಇಂಥವೇ ಮೂರು ಭ್ರೂಣಗಳಿವೆ ಎಂದುಕೊಳ್ಳಿ. ಮೊದಲು 4ಎಬಿಯನ್ನು (ಅಕ್ಷರಗಳು ಭ್ರೂಣದ ದರ್ಜೆ, ‘ಎ’ ಎಲ್ಲಕ್ಕಿಂತ ಉತ್ತಮ) ಒಂದೇ ಹಾಕಿದರೆ ಸುಮಾರು 40 ಮಂದಿಗೆ ಮಗುವಾಗಬಹುದು. ಉಳಿದ 60 ಮಂದಿಗೆ 4ಬಿಬಿ ಹಾಕಿದಾಗ ನೂರಕ್ಕೆ 35ರ ಲೆಕ್ಕದಲ್ಲಿ ಇನ್ನೂ 21 ಮಂದಿಗೆ ಆಗಬಹುದು. ಆರನೆಯ ದಿನದ, ‘ಸಿ’ ದರ್ಜೆಯಿರುವ ಕೊನೆಯ ಭ್ರೂಣಕ್ಕೆ ನೂರಕ್ಕೆ 25 ಎಂದಿಟ್ಟುಕೊಂಡರೆ, ಉಳಿದ 39 ಮಂದಿಯಲ್ಲಿ ಹತ್ತು ಮಂದಿಗೆ ಆಗಬಹುದು. ಒಟ್ಟು 71. ಅಂದರೆ ಆಸ್ಪತ್ರೆಯವರು ಹೇಳಿದ ಎಪ್ಪತ್ತು ಎಲ್ಲಿಯೂ ಇಲ್ಲದ ಅಂಕಿಯೇನಲ್ಲ. ಅದು ಒಂದು ಟ್ರಾನ್ಸ್‌ಫರ್‌ನದಲ್ಲ, ಮೂರರದ್ದು. ಒಮ್ಮೆ ವಿಫಲವಾದವರ ಸಾಧ್ಯತೆ ಮುಂದಿನ ಸಲ ಸ್ವಲ್ಪ ತಗ್ಗಿರಬಹುದು ಎಂಬುದನ್ನೂ ಸೇರಿಸಿಕೊಂಡು ನೂರಕ್ಕೆ 60ರಿಂದ 70 ಎಂದು ಹೇಳುವುದು ಪ್ರಾಮಾಣಿಕ. ಈ ಅಂಕಿಗಳು ಒಳ್ಳೆಯ ಪ್ರಯೋಗಾಲಯವಿದ್ದರೆ ಮಾತ್ರ ನಿಲ್ಲುತ್ತವೆ. ಮತ್ತೆ ನೆನಪಿರಲಿ, 30 ಮಂದಿಗೆ ಮೂರೂ ಮುಗಿದ ಮೇಲೂ ಮಗುವಾಗುವುದಿಲ್ಲ. ಹೊಲ ಅಡ ಇಟ್ಟವರಿಗೆ ಈ ಮಾತನ್ನೂ ಮೊದಲೇ ಹೇಳಬೇಕು. ಮುಂದಿನ ಸಾಲ ಎತ್ತುವ ಮೊದಲು, ಎಷ್ಟರವರೆಗೆ ಹೋಗುವುದು ಎಂದು ಗಂಡಹೆಂಡತಿ ಕುಳಿತು ಮಾತಾಡಿಕೊಳ್ಳಿ.

ಒಂದೋ ಎರಡೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಒಂದು. ಎರಡು ಹಾಕಿದರೆ ಆ ತಿಂಗಳ ಸಾಧ್ಯತೆ ಏರುತ್ತದೆ, ನಿಜ. ಆದರೆ ಎರಡು ಟ್ರಾನ್ಸ್‌ಫರ್‌ಗಳಿಗೆ ಆಗುವ ಭ್ರೂಣಗಳು ಒಂದರಲ್ಲೇ ಖರ್ಚಾಗುತ್ತವೆ, ಜೊತೆಗೆ ಅವಳಿಯ ಅಪಾಯವೂ ಸೇರುತ್ತದೆ. ಸ್ಕ್ಯಾಂಡಿನೇವಿಯಾದಲ್ಲಿ 36 ವರ್ಷದೊಳಗಿನ 661 ಮಹಿಳೆಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ನಿಮ್ಮ ಪ್ರಶ್ನೆಗೇ ಮಾಡಿದಂತಿದೆ. ಒಂದು ಗುಂಪಿಗೆ ಎರಡು ಭ್ರೂಣಗಳನ್ನು ಒಟ್ಟಿಗೆ ಹಾಕಿದರು. ಇನ್ನೊಂದು ಗುಂಪಿಗೆ ಒಂದನ್ನು ಹಾಕಿ, ಆಗದಿದ್ದರೆ ಫ್ರೀಜ್ ಮಾಡಿದ ಇನ್ನೊಂದನ್ನು ಆಮೇಲೆ ಹಾಕಿದರು. ಮಗುವಾದವರು ನೂರಕ್ಕೆ 42.9 ಮತ್ತು 38.8. ಆದರೆ ಹೆರಿಗೆಯಾದವರಲ್ಲಿ ಅವಳಿಗಳು ಮೊದಲ ಗುಂಪಿನಲ್ಲಿ ನೂರಕ್ಕೆ 33.1, ಎರಡನೆಯದರಲ್ಲಿ 0.8. ‘ಒಂದೇ ಸಲಕ್ಕೆ ಎರಡು ಮಕ್ಕಳಾದರೆ ಒಳ್ಳೆಯದಲ್ಲವೇ ಡಾಕ್ಟ್ರೇ’ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಹಳ್ಳಿಯಿಂದ ನವಜಾತ ಶಿಶುಗಳ ಐಸಿಯು ಎಷ್ಟು ದೂರವಿದೆ, ಅಲ್ಲಿ ಒಂದು ದಿನಕ್ಕೆ ಎಷ್ಟು ಬಿಲ್ ಆಗುತ್ತದೆ ಎಂದು ಲೆಕ್ಕ ಹಾಕಿ ನೋಡಿದವರು ಆ ಪ್ರಶ್ನೆಯನ್ನು ಮತ್ತೆ ಕೇಳಿದ್ದಿಲ್ಲ. ಕೊನೆಯ, ಕಡಿಮೆ ದರ್ಜೆಯ ಭ್ರೂಣವನ್ನು ಎರಡನೆಯದರ ಜೊತೆಗೆ ಸೇರಿಸಿ ಹಾಕುವ ಬಗ್ಗೆ ನಿಮ್ಮ ವೈದ್ಯರು ಹೇಳಿದರೆ ಅದು ಚರ್ಚಿಸಬಹುದಾದ ಮಾತು; 4ಎಬಿಗೆ ಮಾತ್ರ ಜೊತೆ ಬೇಡ.

ನಿಮಗೆ ಸೂಚಿಸಿರುವ ಮೂರು ಪರೀಕ್ಷೆಗಳ ಪೈಕಿ ಸ್ಕ್ರ್ಯಾಚಿಂಗ್ (ಗರ್ಭಕೋಶದ ಒಳಪದರವನ್ನು ಲಘುವಾಗಿ ಗೀರುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. 1364 ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನದಲ್ಲಿ ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಮಗುವಾದದ್ದು ನೂರಕ್ಕೆ 26.1 ಮಂದಿಗೆ, ದಶಾಂಶವೂ ಒಂದೇ. ನೋವು ಮಾತ್ರ ಹೆಚ್ಚು. ಇಆರ್‌ಎ ಎಂದರೆ ಗರ್ಭಕೋಶದ ಒಳಪದರದ ತುಣುಕು ತೆಗೆದು, ಭ್ರೂಣ ಹಾಕಲು ಸರಿಯಾದ ಗಂಟೆಯನ್ನು ಹುಡುಕುವ ಪರೀಕ್ಷೆ. ಕಲ್ಪನೆ ಚೆನ್ನಾಗಿತ್ತು, ನನಗೂ ಒಂದು ಕಾಲಕ್ಕೆ ಅದರ ಮೇಲೆ ಭರವಸೆಯಿತ್ತು. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದರ ಪ್ರಕಾರ ಸಮಯ ಬದಲಿಸಿದವರಲ್ಲಿ ನೂರಕ್ಕೆ 58.5, ಬದಲಿಸದವರಲ್ಲಿ 61.9 ಮಂದಿಗೆ ಮಗುವಾಯಿತು. ಆ ಫಲಿತಾಂಶ ನೋಡಿದ ಮೇಲೆ ಒಂದೇ ಸಲ ವಿಫಲವಾದವರಿಗೆ ನಾನು ಅದನ್ನು ಬರೆದುಕೊಡುವುದಿಲ್ಲ.

ಜೆನೆಟಿಕ್ ಪರೀಕ್ಷೆಯ ವಿಷಯ ಸ್ವಲ್ಪ ಬೇರೆ, ಏಕೆಂದರೆ ಅದು ನಿಜವಾದ ಕಾರಣವನ್ನೇ ಹುಡುಕುತ್ತದೆ. ಆದರೆ ಅದು ಭ್ರೂಣವನ್ನು ಆರಿಸಿಕೊಡುತ್ತದೆ, ಸರಿಪಡಿಸುವುದಿಲ್ಲ. ನಿಮ್ಮ ಬಳಿ ಇರುವ ಮೂರರಲ್ಲಿ ಎಷ್ಟು ಸರಿಯಾದವೋ ಪರೀಕ್ಷೆಯ ನಂತರವೂ ಅಷ್ಟೇ ಇರುತ್ತವೆ. 20ರಿಂದ 37 ವರ್ಷದ 1212 ಮಹಿಳೆಯರಲ್ಲಿ 2021ರ ಚೀನೀ ಅಧ್ಯಯನ ಇದನ್ನೇ ತೋರಿಸಿತು: ಮೂರು ಟ್ರಾನ್ಸ್‌ಫರ್‌ಗಳವರೆಗಿನ ಒಟ್ಟು ಫಲಿತಾಂಶ ಪರೀಕ್ಷೆ ಮಾಡಿಸಿದವರಲ್ಲಿ ನೂರಕ್ಕೆ 77.2, ಮಾಡಿಸದವರಲ್ಲಿ 81.8. ಮೇಲಾಗಿ ನಿಮ್ಮ ಭ್ರೂಣಗಳು ಈಗಾಗಲೇ ಫ್ರೀಜ್ ಆಗಿವೆ. ಅವನ್ನು ಕರಗಿಸಿ, ಹೊರಪದರದ ಕೆಲವು ಜೀವಕೋಶಗಳನ್ನು ತೆಗೆದು, ಎರಡನೆಯ ಸಲ ಫ್ರೀಜ್ ಮಾಡಿ, ಮತ್ತೆ ಕರಗಿಸಬೇಕಾಗುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟು ಕಳೆದುಕೊಳ್ಳುತ್ತೀರಿ. ವಯಸ್ಸು 38–40 ದಾಟಿದ್ದರೆ, ಮತ್ತೆ ಮತ್ತೆ ಗರ್ಭಪಾತವಾಗಿದ್ದರೆ, ದಂಪತಿಯಲ್ಲಿ ಒಬ್ಬರ ವರ್ಣತಂತುವಿನಲ್ಲೇ ದೋಷವಿದ್ದರೆ ನಾನೇ ಮಾಡಿಸಿ ಎನ್ನುತ್ತೇನೆ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ.

ಆ ಹಣದ ಒಂದು ಸಣ್ಣ ಪಾಲಿನಲ್ಲಿ ಮಾಡಿಸಬೇಕಾದ ಪರೀಕ್ಷೆಗಳು ಬೇರೆ ಇವೆ. ಗರ್ಭನಾಳದಲ್ಲಿ ನೀರು ತುಂಬಿಕೊಂಡಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆ ನೀರು ಗರ್ಭಕೋಶಕ್ಕೆ ಜಿನುಗಿದರೆ ಯಶಸ್ಸು ಅರ್ಧಕ್ಕೆ ಇಳಿಯಬಹುದು, ನಾಳವನ್ನು ಮುಚ್ಚಿದರೆ ಅಥವಾ ತೆಗೆದರೆ ಸರಿಹೋಗುತ್ತದೆ. ಒಳಪದರದಲ್ಲಿ ಪಾಲಿಪ್ ಅಥವಾ ಗಡ್ಡೆ ಇದೆಯೇ, ಥೈರಾಯ್ಡ್ ಮತ್ತು ಸಕ್ಕರೆ ಹತೋಟಿಯಲ್ಲಿವೆಯೇ ಎಂದು ನೋಡಲಿ. ಹಿಂದಿನ ಟ್ರಾನ್ಸ್‌ಫರ್‌ನ ಹಾಳೆಯನ್ನು ಕೇಳಿ ಪಡೆಯಿರಿ: ಕರಗಿಸಿದ ಮೇಲೆ ಭ್ರೂಣಗಳು ಮತ್ತೆ ಉಬ್ಬಿದ್ದವೇ, ನಳಿಕೆ ಸಲೀಸಾಗಿ ಹೋಗಿತ್ತೇ, ಆ ದಿನ ರಕ್ತದಲ್ಲಿ ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಎಷ್ಟಿತ್ತು. ಕೊನೆಯದನ್ನು ಅನೇಕ ಕಡೆ ನೋಡುವುದೇ ಇಲ್ಲ. ಕೇವಲ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಮಾತ್ರೆಯನ್ನೇ ನೆಚ್ಚಿದವರಲ್ಲಿ ನೂರಕ್ಕೆ 27, ಅದರ ಜೊತೆಗೆ ಮೂರು ದಿನಕ್ಕೊಮ್ಮೆ ಇಂಜೆಕ್ಷನ್ ಪಡೆದವರಲ್ಲಿ 46 ಮಂದಿಗೆ ಮಗುವಾದ ಅಮೆರಿಕದ ಅಧ್ಯಯನವೊಂದಿದೆ. ನನ್ನ ಅನುಭವದಲ್ಲಿ ಯಾವ ದುಬಾರಿ ಪರೀಕ್ಷೆಗಿಂತಲೂ ಈ ಸರಳ ರಕ್ತಪರೀಕ್ಷೆ ಹೆಚ್ಚು ಮಂದಿಗೆ ಉಪಯೋಗಕ್ಕೆ ಬಂದಿದೆ.

ಇನ್ನೊಂದು ಮಾತನ್ನು ನಿಮ್ಮ ವೈದ್ಯರ ಬಳಿ ಪ್ರಸ್ತಾಪಿಸಿ. ಕಳೆದ ಸಲ ನಿಮಗೆ ಈಸ್ಟ್ರೊಜೆನ್ ಮಾತ್ರೆ ಕೊಟ್ಟು ಲೈನಿಂಗ್ ಬೆಳೆಸಿರಬೇಕು. ಆ ವಿಧಾನದಲ್ಲಿ ದಿನಾಂಕ ಗೊತ್ತುಮಾಡುವುದು ಸುಲಭ, ಹಾಗಾಗಿ ಆಸ್ಪತ್ರೆಗಳಿಗೆ ಅದು ಅನುಕೂಲ. ಆದರೆ ಅದರಲ್ಲಿ ಅಂಡಾಣು ಬಿಡುಗಡೆಯಾಗುವುದಿಲ್ಲ. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಹಳದಿ ಗ್ರಂಥಿ ಬಸಿರಿನ ಮೊದಲ ವಾರಗಳಲ್ಲಿ ರಕ್ತನಾಳಗಳನ್ನು ಹದಗೊಳಿಸುವ ವಸ್ತುಗಳನ್ನು ಸ್ರವಿಸುತ್ತದೆ. ಅದಿಲ್ಲದ ಬಸಿರಿನಲ್ಲಿ ಮುಂದೆ ಬಿಪಿ ಏರಿ ತಾಯಿಗೆ ತೊಂದರೆಯಾಗುವುದು ಹೆಚ್ಚು. ಫ್ರೀಜ್ ಮಾಡಿದ ಭ್ರೂಣದ ಬಸಿರಿನಲ್ಲಿ ನಾವು ಹೆಚ್ಚು ಎಚ್ಚರದಿಂದ ಕಾಯಬೇಕಾದ ಅಪಾಯ ಇದೇ. ಮೇಲೆ ಹೇಳಿದ ಪಿಸಿಓಡಿ ಅಧ್ಯಯನದಲ್ಲೂ ಅದು ನೂರಕ್ಕೆ 1.4ರಿಂದ 4.4ಕ್ಕೆ ಏರಿತ್ತು. ನಿಮ್ಮ ಮುಟ್ಟು ತಾನಾಗಿ ಕ್ರಮವಾಗಿಲ್ಲದ ಕಾರಣ ಲೆಟ್ರೊಜೋಲ್ ಮಾತ್ರೆಯಿಂದ ಒಂದು ಅಂಡಾಣು ಬೆಳೆಸಿ, ಅದು ಬಿಡುಗಡೆಯಾದ ಮೇಲೆ ದಿನ ಎಣಿಸಿ ಭ್ರೂಣ ಹಾಕಬಹುದು. ಸ್ಕ್ಯಾನ್‌ಗಾಗಿ ಹುಬ್ಬಳ್ಳಿಗೆ ಎರಡು ಮೂರು ಸಲ ಹೆಚ್ಚು ಓಡಾಡಬೇಕಾಗುತ್ತದೆ, ಕೆಲವೊಮ್ಮೆ ಅಂಡಾಣು ಬೆಳೆಯದೆ ಆ ತಿಂಗಳು ಕೈಬಿಡಬೇಕಾಗಬಹುದು. ಅಷ್ಟು ತೊಂದರೆಗೆ ಅದು ತಕ್ಕುದು ಎಂಬುದು ನನ್ನ ಅಭಿಪ್ರಾಯ. ಗರ್ಭ ನಿಂತರೆ ಕಡಿಮೆ ಡೋಸಿನ ಆಸ್ಪಿರಿನ್ ಬೇಕೇ ಎಂದು ಮೂರು ತಿಂಗಳು ತುಂಬುವ ಮೊದಲೇ ಕೇಳಿ, ಬಿಪಿಯನ್ನು ಪ್ರತಿ ಭೇಟಿಯಲ್ಲೂ ನೋಡಿಸಿ. ಮಗು ಕೊಂಚ ದಪ್ಪಗೆ ಬೆಳೆಯುವುದೂ ಈ ಬಸಿರಿನಲ್ಲಿ ಸಾಮಾನ್ಯ.

ಅವಸರ ಬೇಡ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ಭ್ರೂಣಗಳನ್ನು 10 ವರ್ಷದವರೆಗೆ ಇಡಬಹುದು. ವರ್ಷದ ಶುಲ್ಕ ಕಟ್ಟಿದ ರಸೀದಿ ಮತ್ತು ಒಪ್ಪಿಗೆ ಪತ್ರದ ನಕಲನ್ನು ಮನೆಯಲ್ಲಿ ಜೋಪಾನವಾಗಿಡಿ. ತೂಕ ಹೆಚ್ಚಿದ್ದರೆ ಮೂರು ತಿಂಗಳು ತೆಗೆದುಕೊಂಡು ಇಳಿಸಿ, ಸಾಲದ ಕಂತೊಂದು ತೀರಲಿ, ಆಮೇಲೆ ಹೋಗಿ.

ಟ್ರಾನ್ಸ್‌ಫರ್ ಆದ ದಿನ ಹತ್ತು ನಿಮಿಷ ಕುಳಿತು, ಮೂತ್ರ ಮಾಡಿ, ಊಟ ಮುಗಿಸಿ, ಸಿಕ್ಕ ಬಸ್ಸಿನಲ್ಲಿ ಮನೆಗೆ ಬನ್ನಿ. ಅಡುಗೆ ಮಾಡಿ, ನಡೆದಾಡಿ, ಮೆಟ್ಟಿಲು ಹತ್ತಿ. ಭಾರದ ಕೊಡ ಮತ್ತು ಹೊಲದ ಕೆಲಸ ಎರಡು ವಾರ ಬೇರೆಯವರಿಗಿರಲಿ. ಪ್ರೊಜೆಸ್ಟರಾನ್ ಒಂದು ಹೊತ್ತೂ ತಪ್ಪಬಾರದು, ನಡುವೆ ಸ್ವಲ್ಪ ರಕ್ತ ಕಂಡರೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮನೆಯಲ್ಲಿ ಮೂತ್ರದ ಕಿಟ್‌ನಲ್ಲಿ ಮೊದಲೇ ನೋಡಿ ಕಂಗೆಡಬೇಡಿ. ರಕ್ತದ ಬೀಟಾ ಪರೀಕ್ಷೆಗೆ ಹೇಳಿದ ದಿನ ಇಬ್ಬರೂ ಜೊತೆಯಾಗಿ ಹೋಗಿ. ನೆಗೆಟಿವ್ ಬಂದರೆ ಔಷಧ ನಿಲ್ಲಿಸಿದ ಕೆಲವು ದಿನಗಳಲ್ಲಿ ಮುಟ್ಟಾಗುತ್ತದೆ, ಅದರ ಮುಂದಿನ ಚಕ್ರದಲ್ಲೇ ಎರಡನೆಯ ಭ್ರೂಣಕ್ಕೆ ತಯಾರಿ ಆರಂಭಿಸಲು ವೈದ್ಯಕೀಯವಾಗಿ ಯಾವ ಅಡ್ಡಿಯೂ ಇಲ್ಲ.